ಮನೆಯಲ್ಲಿ ಖಾಲಿ ಪಿಸ್ತೂಲಿನ ಅಭ್ಯಾಸ: ದೊಡ್ಡಪ್ಪನ ಉತ್ತರ

ಮಗಳೇ, ನಿನ್ನ ಸಂದೇಶ ಕೇಳಿದೆ. ಸ್ಪರ್ಧೆ ಹತ್ತಿರವಾಗಿರುವಾಗ ಹುಡುಗಿ ಶೂಟಿಂಗ್ ರೇಂಜ್‌ಗೆ ಹೋಗದ ದಿನಗಳಲ್ಲಿ ಪೆಲೆಟ್, ಅಂದರೆ ಆ ಸಣ್ಣ ಗುಂಡು, ಹಾಕದೆ ಗೋಡೆಯತ್ತ ಏರ್ ಪಿಸ್ತೂಲ್ ಹಿಡಿದು ಟ್ರಿಗರ್ ಒತ್ತುತ್ತಾಳೆ, ಇದರಿಂದ ಅಂಕ ಏರುವುದುಂಟೇ, ಮನೆಯೊಳಗೆ ಅಪಾಯವಲ್ಲವೇ ಎಂದು ಕೇಳಿದ್ದೀಯ. ಅಂಕ ಖಂಡಿತ ಏರುತ್ತದೆ. ಆದರೆ ಖಾಲಿ ಇದೆ ಎಂಬ ಮಾತನ್ನು ಯಾರು ಹೇಳಿದರೂ ನಂಬಬಾರದು. ಪ್ರತಿ ಸಲವೂ ತೆರೆದು ಕಣ್ಣಾರೆ ನೋಡಲೇಬೇಕು.

ಕೊಡಗಿನ ನಮ್ಮ ಐನ್‌ಮನೆಯ, ಅಂದರೆ ಕುಟುಂಬದ ಮೂಲಮನೆಯ, ಕಂಬದಲ್ಲಿ ಚರೆ ಹೊಕ್ಕ ಗುರುತುಗಳನ್ನು ನೀವೆಲ್ಲ ನೋಡಿದ್ದೀರಿ. ಆ ವರ್ಷ ಆಯುಧಗಳನ್ನು ಪೂಜಿಸುವ ಕೈಲ್ ಮುಹೂರ್ತದ ದಿನ ಕನ್ನಿಕೊಂಬರೆಯಲ್ಲಿ, ಅಂದರೆ ದೇವರ ಕೋಣೆಯಲ್ಲಿ, ಪೂಜೆಗಿಟ್ಟ ಕೋವಿಯ ನಳಿಗೆಗೆ ತೋಕ್ ಪೂ ಎಂಬ ಹೂವು ಸಿಕ್ಕಿಸಿದ್ದರು. ಪೂಜೆ ಮುಗಿದ ಮೇಲೆ ಅಣ್ಣ, ತೆಂಗಿನಕಾಯಿಗೆ ಗುಂಡು ಹೊಡೆಯುವ ಮೊದಲು ಕೈ ಪಳಗಿಸಿಕೊಳ್ಳುತ್ತೇನೆಂದು ಆ ಕೆಂಪು ಹಳದಿ ಹೂವನ್ನು ಕಿತ್ತು ಕಿವಿಗೆ ಸಿಕ್ಕಿಸಿಕೊಂಡು, ಪೂಜೆಗಿಟ್ಟ ಕೋವಿಯಲ್ಲಿ ತೋಟೆ ಎಲ್ಲಿಂದ ಬರಬೇಕು ಎನ್ನುತ್ತಲೇ ಟ್ರಿಗರ್ ಎಳೆದ. ಗದ್ದೆಗಿಳಿಯುವ ಕಾಡುಹಂದಿಗೆಂದು ಹಿಂದಿನ ರಾತ್ರಿ ತುಂಬಿದ್ದ ತೋಟೆ ಅದರಲ್ಲೇ ಇತ್ತು. ಕಂಬದಿಂದ ಒಂದು ಮೊಳ ಆಚೆ ತಂಗಿ ನಿಂತಿದ್ದಳು.

ಅವಳಿಗೆ ಏನೂ ಆಗಲಿಲ್ಲ. ಆದರೆ ಅಂದಿನಿಂದ ಹೆಣ್ಣುಮಕ್ಕಳು ಕೋವಿ ಮುಟ್ಟಬಾರದೆಂದು ಹಿರಿಯರು ಕಟ್ಟುಮಾಡಿದರು. ಟ್ರಿಗರ್ ಎಳೆದವನು ಮರುವರ್ಷವೂ ತೆಂಗಿನಕಾಯಿಗೆ ಗುಂಡು ಹೊಡೆಯಲು ಮೈದಾನಕ್ಕೆ ಹೋದ. ಮನೆಯಲ್ಲಿ ಎಲ್ಲರಿಗಿಂತ ಒಳ್ಳೆಯ ಗುರಿಯಿದ್ದ ತಂಗಿ ಅಡುಗೆಮನೆಯಲ್ಲೇ ಉಳಿದಳು. ಗಂಡು ಹುಟ್ಟಿದರೆ ಗುಂಡು ಹಾರಿಸಿ ಊರಿಗೆ ತಿಳಿಸುವ ಮನೆಯಲ್ಲಿ ಇದು ಯಾರಿಗೂ ಅನ್ಯಾಯವೆನಿಸಲಿಲ್ಲ. 2024ರಲ್ಲಿ ಪ್ಯಾರಿಸ್‌ನಲ್ಲಿ ಮನು ಭಾಕರ್ 10 ಮೀಟರ್ ಏರ್ ಪಿಸ್ತೂಲ್‌ನಲ್ಲಿ ಕಂಚು ಗೆದ್ದಾಗ ನಮ್ಮ ಮನೆಯವರ ಈ ಗುಂಪಿನಲ್ಲಿ ಎಲ್ಲರೂ ಸಂಭ್ರಮಪಟ್ಟಿರಿ, ತಂಗಿಯ ಹೆಸರನ್ನು ಮಾತ್ರ ಒಬ್ಬರೂ ಎತ್ತಲಿಲ್ಲ. ಆ ನೋವು ನನಗೆ ಇಂದಿಗೂ ಇದೆ. ಆದ್ದರಿಂದ ಹುಡುಗಿಯ ಅಭ್ಯಾಸವನ್ನು ಭಯಪಟ್ಟು ನಿಲ್ಲಿಸಬೇಡ. ಖಾಲಿ ಇದೆ ಎಂಬ ಮಾತನ್ನು ನಂಬದೆ ಪ್ರತಿ ಸಲ ತೆರೆದು ನೋಡುವುದನ್ನು ಕಲಿಸು.

ಕೇಳಿದ್ದಕ್ಕೆ ಉತ್ತರ ಹೇಳುವುದೇ ಉಳಿಯಿತು. ಪೆಲೆಟ್ ಡಬ್ಬಿ ಬೇರೆ ಕೋಣೆಯಲ್ಲಿರಲಿ. ಪಿಸ್ತೂಲಿನಲ್ಲಿ ಖಾಲಿ ಅಭ್ಯಾಸಕ್ಕೆಂದೇ ಇರುವ ವ್ಯವಸ್ಥೆಯನ್ನು ಬಳಸಿ, ಏನೂ ಅಂಟಿಸದ ಬಿಳಿ ಗೋಡೆಯ ಎದುರು ನಿಲ್ಲಲಿ. ನೋಟ ಮುಂದಿನ ಸೈಟಿನ, ಅಂದರೆ ನಳಿಗೆಯ ತುದಿಯ ಗುರಿಕಡ್ಡಿಯ, ಮೇಲೆಯೇ ಇರಬೇಕು. ಹಿಂದಿನ ಸೈಟಿನ ಕಚ್ಚಿನೊಳಗೆ ಅದರ ಎರಡೂ ಬದಿಯ ಬೆಳಕು ಸಮನಾಗಿ ಕಾಣಬೇಕು. ಟ್ರಿಗರ್ ಒತ್ತುವಾಗ ಸೈಟ್ ಅಲುಗಿತೇ ಎಂಬುದೊಂದನ್ನೇ ಗಮನಿಸಲಿ, ಟಕ್ ಎಂದ ಕೂಡಲೇ ಕೈ ಇಳಿಸದಿರಲಿ. ಎಂಟು ಸೆಕೆಂಡಿನೊಳಗೆ ಒತ್ತಲಾಗದಿದ್ದರೆ ಬಲವಂತ ಮಾಡದೆ ಕೈ ಇಳಿಸಿ, ಉಸಿರು ತೆಗೆದುಕೊಂಡು ಮತ್ತೆ ಎತ್ತಲಿ. ಎಲೆಕ್ಟ್ರಾನಿಕ್ ಟಾರ್ಗೆಟ್ ಇರುವಲ್ಲಿ 60 ಗುಂಡಿಗೆ 75 ನಿಮಿಷವಿರುವುದರಿಂದ ಸ್ಪರ್ಧೆಯಲ್ಲೂ ಅದಕ್ಕೆ ಸಮಯ ಸಾಲುತ್ತದೆ. ರೇಂಜ್‌ನಲ್ಲಿ ಮೊದಲ ಕೆಲವು ಗುಂಡುಗಳನ್ನು ಗುರಿಯ ಕಾರ್ಡ್ ತಿರುಗಿಸಿ ಬಿಳಿ ಬದಿಗೇ ಹೊಡೆಯಲಿ. ಕಪ್ಪು ವೃತ್ತ ಎದುರಿಗಿಲ್ಲದಿದ್ದರೆ ಕಣ್ಣು ಸೈಟ್ ಬಿಟ್ಟು ಅತ್ತ ಓಡುವುದಿಲ್ಲ, ಪೆಲೆಟ್‌ಗಳು ಎಷ್ಟು ಒತ್ತಾಗಿ ಬೀಳುತ್ತಿವೆ ಎಂಬುದು ತಿಳಿಯುತ್ತದೆ. ಆ ಕಾರ್ಡ್‌ಗಳ ಫೋಟೋ ತೆಗೆದು ನನಗೆ ಕಳುಹಿಸು.