ರಂಗಮಂದಿರ ಉಳಿಸಲು ಓಡಾಡಿದವರು ಇದ್ದೀರಾ? ಅನುಭವ ಹೇಳಿ

ಊರಬಾಗಿಲು:
ನಮ್ಮದು ತಾಲ್ಲೂಕು ಕೇಂದ್ರ. ಬಸ್ ನಿಲ್ದಾಣದ ಪಕ್ಕ ಪುರಸಭೆಯ ಹಳೇ ರಂಗಮಂದಿರ ಇದೆ. 400 ಕುರ್ಚಿ. ಮಳೆ ಬಂದರೆ ಎಡಗಡೆ ಸೋರುತ್ತದೆ. ಆದರೂ ಸುತ್ತಮುತ್ತ ನಾಟಕಕ್ಕೆ ಇರುವುದು ಅದೊಂದೇ. ಈಗ ಅದನ್ನು ಕೆಡವಿ ಅಂಗಡಿ ಸಾಲು ಕಟ್ಟುತ್ತಾರಂತೆ. ನಾವು ಹನ್ನೆರಡು ಜನ ಇದ್ದೇವೆ. ಕವಿಗಳು, ಹಾಡುವವರು, ಇಬ್ಬರು ಚಿತ್ರ ಬರೆಯುವವರು, ಉಳಿದವರು ನಾಟಕದವರು. ಮನವಿ ಕೊಡೋಣವಾ, ಧರಣಿ ಕೂರೋಣವಾ, ಕೋರ್ಟಿಗೆ ಹೋಗೋಣವಾ? ಮುಂದಿನ ಮಂಗಳವಾರ ಪುರಸಭೆಯ ಸಾಮಾನ್ಯ ಸಭೆ. ಅಷ್ಟರೊಳಗೆ ಏನು ಮಾಡಬಹುದು, ದಯವಿಟ್ಟು ಹೇಳಿ.

ಹಳೇಪರದೆ:
ಧರಣಿ ಕೂತವನು ನಾನು. 11 ದಿನ. ನಮ್ಮೂರ ರಂಗಮಂದಿರ ಇವತ್ತು ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಲೆಕ್ಕ ಇನ್ನೂ ನನ್ನ ಡೈರಿಯಲ್ಲಿದೆ. ಶಾಮಿಯಾನ ಮತ್ತು ಜಮಖಾನ ದಿನಕ್ಕೆ 1,200, ಹನ್ನೊಂದು ದಿನಕ್ಕೆ 13,200. ಮೈಕ್ ಸೆಟ್ ದಿನಕ್ಕೆ 900, ಒಟ್ಟು 9,900. ನಾಲ್ಕು ಫ್ಲೆಕ್ಸ್‌ಗೆ 1,520. ಮಂತ್ರಿಗಳನ್ನು ನೋಡಲು ಎರಡು ಸಲ ಬೆಂಗಳೂರಿಗೆ ಹೋದೆವು, ಒಂಬತ್ತು ಜನ, ಬಸ್ಸು ಊಟ ಸೇರಿ 7,560. ಎರಡನೇ ಸಲ ಮಂತ್ರಿ ಸಿಗಲೇ ಇಲ್ಲ. ಆಪ್ತ ಸಹಾಯಕರು ಮನವಿ ತೆಗೆದುಕೊಂಡು ಸೀಲು ಹಾಕಿಕೊಟ್ಟರು, ಅಷ್ಟೇ. ವಕೀಲರಿಗೆ 35,000. ಟೈಪಿಂಗ್, ಜೆರಾಕ್ಸ್, ಸ್ಟಾಂಪು 4,300. ಒಟ್ಟು 71,480. ಊರಲ್ಲಿ ಚಂದಾ ಎತ್ತಿದ್ದು 28,300. ಉಳಿದದ್ದನ್ನು ನಾವು ನಾಲ್ಕು ಜನ ಕೈಲಾದಷ್ಟು ಹಂಚಿಕೊಂಡೆವು. ನನ್ನ ಪಾಲಿಗೆ 19,000 ಬಂತು, ಅದು ನನ್ನ ಹೆಂಡತಿ ಕಟ್ಟುತ್ತಿದ್ದ ಚೀಟಿಯ ಹಣ. ಅವಳು ಒಂದು ಮಾತೂ ಆಡಲಿಲ್ಲ. ಅದೇ ಇವತ್ತಿಗೂ ಚುಚ್ಚುತ್ತದೆ.

ಮೊದಲ ದಿನ 200 ಜನ ಇದ್ದರು. ಐದನೇ ದಿನ 40. ಒಂಬತ್ತನೇ ದಿನ ನಾವು ಆರು ಜನ ಮತ್ತು ಮೈಕ್‌ನ ಹುಡುಗ. ಕೋರ್ಟಿನಲ್ಲಿ ಎರಡು ಸಲ ದಿನಾಂಕ ಮುಂದಕ್ಕೆ ಹೋಯಿತು. ಮೂರನೇ ದಿನಾಂಕ ಬರುವ ಮೊದಲೇ ಒಂದು ಭಾನುವಾರ ಬೆಳಿಗ್ಗೆ ಜೆಸಿಬಿ ಬಂತು. ಓಡಿ ಹೋಗಿ ಕಾವಲುಗಾರನ ಕಾಲು ಹಿಡಿದಂತೆ ಕೇಳಿಕೊಂಡು ಮುಂಪರದೆ ಒಂದನ್ನು ಇಳಿಸಿಕೊಂಡೆವು. ನಮ್ಮ ಮನೆ ಅಟ್ಟದಲ್ಲಿದೆ. ಬಿಡಿಸಿದರೆ ಈಗಲೂ ಸುಣ್ಣದ ಪುಡಿ ಉದುರುತ್ತದೆ.

ಗೆರೆಬಣ್ಣ:
ಧರಣಿ ಕೂರಬೇಡಿ. ನಿಮ್ಮ ಕೆಲಸವನ್ನು ಅಲ್ಲೇ ಮಾಡಿ.

ನಾನು ಬೆಂಗಳೂರಿನ ವೆಂಕಟಪ್ಪ ಆರ್ಟ್ ಗ್ಯಾಲರಿ ಹೋರಾಟದಲ್ಲಿದ್ದವನು. 2015ರಲ್ಲಿ ಪ್ರವಾಸೋದ್ಯಮ ಇಲಾಖೆ ಕಸ್ತೂರಬಾ ರಸ್ತೆಯ ಆ ಗ್ಯಾಲರಿಯನ್ನು ಒಂದು ಖಾಸಗಿ ಪ್ರತಿಷ್ಠಾನಕ್ಕೆ ದತ್ತು ಕೊಡುವ ಒಪ್ಪಂದ ಮಾಡಿಕೊಂಡಿತು. ನಮ್ಮಂಥವರಿಗೆ ಅದು ಬರೀ ಕಟ್ಟಡ ಅಲ್ಲ. ಕಾಲೇಜು ಮುಗಿಸಿದ ಹುಡುಗ ಕಡಿಮೆ ಬಾಡಿಗೆಗೆ ತನ್ನ ಮೊದಲ ಪ್ರದರ್ಶನ ಇಡುತ್ತಿದ್ದ ಜಾಗ. ನನ್ನ ಮೊದಲ ಪ್ರದರ್ಶನವೂ ಅಲ್ಲೇ ಆಯಿತು. ಹನ್ನೊಂದು ಚಿತ್ರ ಇಟ್ಟಿದ್ದೆ, ಒಂದೂ ಮಾರಾಟ ಆಗಲಿಲ್ಲ. ಆದರೆ ಮೂರನೇ ದಿನ ಕಬ್ಬನ್ ಪಾರ್ಕಿನಲ್ಲಿ ಕಡಲೆಕಾಯಿ ಮಾರುವ ಅಜ್ಜ ಬಂದು ಒಂದು ಎಮ್ಮೆಯ ಚಿತ್ರದ ಮುಂದೆ ಬಹಳ ಹೊತ್ತು ನಿಂತಿದ್ದ. ಟಿಕೆಟ್ ದುಬಾರಿ ಇದ್ದಿದ್ದರೆ ಅವನು ಬರುತ್ತಿದ್ದನಾ?

ನಾವು ಗ್ಯಾಲರಿಯ ಅಂಗಳದಲ್ಲೇ ಚಿತ್ರ ಬರೆದೆವು, ಹಾಡಿದೆವು, ಕವಿತೆ ಓದಿದೆವು. ನೋಡಲು ಬಂದವರಿಗೆ ಇಲ್ಲಿ ಏನು ನಡೆಯುತ್ತದೆ ಅಂತ ಭಾಷಣ ಮಾಡಿ ಹೇಳಬೇಕಾಗಲಿಲ್ಲ. ಕಣ್ಣೆದುರೇ ನಡೆಯುತ್ತಿತ್ತು. ಕೊನೆಗೆ ಆ ಒಪ್ಪಂದ ಮುಂದೆ ಹೋಗಲಿಲ್ಲ.

ಹಳೇಪರದೆ:
ನಿಮಗೆ ಕಸ್ತೂರಬಾ ರಸ್ತೆ ಇತ್ತು ಸ್ವಾಮಿ. ಎದುರಿಗೆ ಪತ್ರಿಕೆಯವರು, ಹಿಂದೆ ದೇಶಕ್ಕೆಲ್ಲ ಗೊತ್ತಿರುವ ಕಲಾವಿದರು. ನಮ್ಮ ತಾಲ್ಲೂಕಿನಲ್ಲಿ ಇದ್ದದ್ದು ಒಬ್ಬ ವರದಿಗಾರ. ಅವನಿಗೂ ಜಾಹೀರಾತು ಪುರಸಭೆಯಿಂದಲೇ ಬರಬೇಕು. ನಾವೂ ಒಂದು ದಿನ ಧರಣಿ ಜಾಗದಲ್ಲೇ ನಾಟಕ ಆಡಿದೆವು. ಒಂದು ಸಾಲು ಸುದ್ದಿ ಬರಲಿಲ್ಲ. ಕೆಲಸ ಮಾಡಿ ತೋರಿಸಿ ಅನ್ನುವುದು ನೋಡುವವರು ಇರುವ ಊರಿಗೆ ಸರಿ.

ಗೆರೆಬಣ್ಣ:
ಪತ್ರಿಕೆಯವರು ಮೊದಲ ದಿನವೇ ಬಂದರು ಅಂದುಕೊಂಡಿರಾ? ತಿಂಗಳುಗಟ್ಟಲೆ ಹೋಗಿದ್ದೇವೆ. ನಾನು ಆಗ ಒಂದು ಶಾಲೆಯಲ್ಲಿ ಅರೆಕಾಲಿಕ ಚಿತ್ರಕಲಾ ಶಿಕ್ಷಕ. ರಜೆ ಜಾಸ್ತಿ ಹಾಕಿದೆ ಅಂತ ಮುಂದಿನ ವರ್ಷ ಕರೆಯಲಿಲ್ಲ. ನನಗೂ ನಷ್ಟ ಆಗಿದೆ. ಸುಮ್ನೆ ಬೆಂಗಳೂರಿನವರಿಗೆ ಎಲ್ಲ ಸುಲಭ ಅನ್ನಬೇಡಿ.

ತಮಟೆಸದ್ದು:
ನಾನು ಒಂದು ಮಾತು ಹೇಳಲೇಬೇಕು. ಇಂಥ ಹೋರಾಟದಲ್ಲಿ ಕವಿಗಳಿಗೆ ಕುರ್ಚಿ, ನಮಗೆ ಬಿಸಿಲು.

ನಮ್ಮ ಜಿಲ್ಲೆಯಲ್ಲಿ ಕಲಾವಿದರ ಮೆರವಣಿಗೆ ಆಯಿತು. ಬಾಕಿ ಗೌರವಧನ ಕೊಡಿ, ಮಾಸಾಶನ ಬೇಗ ಮಂಜೂರು ಮಾಡಿ ಅಂತ. ನಾವು ಹತ್ತು ಜನ ತಮಟೆಯವರು ಬೆಳಿಗ್ಗೆ ಏಳಕ್ಕೇ ಬಂದು ಹುಲ್ಲು ಹಚ್ಚಿ ತಮಟೆ ಕಾಯಿಸಿಕೊಂಡು ನಿಂತೆವು. ತಮಟೆ ಕಾಯಿಸಿದ ಮೇಲೆ ಬಡಿಯಬೇಕು, ಬಿಟ್ಟರೆ ಚರ್ಮ ಸಡಿಲ ಆಗುತ್ತದೆ, ಸದ್ದು ಸತ್ತುಹೋಗುತ್ತದೆ. ಹನ್ನೊಂದೂವರೆ ತನಕ ಭಾಷಣ. ಆಮೇಲೆ ಕವಿಗೋಷ್ಠಿ. ನಾಲ್ಕು ಸಲ ಕಾಯಿಸಿದೆವು. ಹುಲ್ಲು ಮುಗಿದು ಪಕ್ಕದ ಹೋಟೆಲಿನ ರಟ್ಟಿನ ಪೆಟ್ಟಿಗೆ ಸುಟ್ಟೆವು. ಕಡೆಗೆ ನಾವು ಬಡಿದದ್ದು ಹದಿನೈದು ನಿಮಿಷ. ಆ ಹದಿನೈದು ನಿಮಿಷದಲ್ಲೇ ಅಧಿಕಾರಿ ಕಚೇರಿ ಬಿಟ್ಟು ಹೊರಗೆ ಬಂದರು, ಮನವಿ ತೆಗೆದುಕೊಂಡರು. ಫೋಟೋದಲ್ಲಿ ಮನವಿ ಕೊಡುತ್ತಿರುವವರು ಶಾಲು ಹೊದ್ದ ನಾಲ್ವರು. ನಾವಿಲ್ಲ.

ಆ ಫೋಟೋ ಯಾಕೆ ಬೇಕು ಗೊತ್ತಾ? ನಮ್ಮ ಚಿಕ್ಕಪ್ಪ 58 ದಾಟಿದ ಮೇಲೆ ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕಿದರು. ಪ್ರದರ್ಶನದ ಫೋಟೋ ಕೊಡಿ, ಪೇಪರ್ ಕಟಿಂಗ್ ಕೊಡಿ, ಪ್ರಮಾಣಪತ್ರ ಕೊಡಿ ಅಂದರು. 1985ರಲ್ಲಿ ಊರ ಜಾತ್ರೆಯಲ್ಲಿ ತಮಟೆ ಬಡಿದವನ ಫೋಟೋ ಯಾರು ತೆಗೆದಿದ್ದಾರೆ? ಎರಡು ವರ್ಷ ಅಲೆದರು. ಹಿಂಬರಹದಲ್ಲಿ ಬರೆದದ್ದು ‘ದಾಖಲೆ ಸಾಲದು’. ಅವರ ಬೆರಳು ನೋಡಿದ್ದರೆ ಸಾಕಿತ್ತು, ಬಲಗೈಯ ಎರಡು ಬೆರಳು ಗಂಟುಕಟ್ಟಿ ಮಡಚಲು ಬರುತ್ತಿರಲಿಲ್ಲ.

ಕವಿಮೇಷ್ಟ್ರು:
ತಮಟೆಸದ್ದು ಅವರ ನೋವು ಅರ್ಥವಾಗುತ್ತದೆ. ಆದರೆ ಕವಿಗಳನ್ನು ಹೀಗೆ ಹಳಿಯುವುದು ಸರಿಯಲ್ಲ. ಹೋರಾಟಕ್ಕೆ ಮಾತು ಕೊಟ್ಟವರು ನಾವು. ನಮ್ಮ ತಾಲ್ಲೂಕು ಸಾಹಿತ್ಯ ಸಮ್ಮೇಳನದಲ್ಲಿ ರಂಗಮಂದಿರ ಬೇಕು ಅಂತ ನಿರ್ಣಯ ಬರೆದವನು ನಾನು, ಮಂಡಿಸಿದವನೂ ನಾನು. ಚಪ್ಪಾಳೆಯೊಂದಿಗೆ ಪಾಸಾಯಿತು. ಗೋಕಾಕ್ ಚಳವಳಿ ನೆನಪಿದೆಯಾ? ಅದನ್ನು ಹಚ್ಚಿದ್ದು ಸಾಹಿತಿಗಳು, ಮೇಷ್ಟ್ರುಗಳು. ಕವಿ ಬಾಯಿ ತೆರೆಯದೆ ಈ ನಾಡಲ್ಲಿ ಏನು ಆಗಿದೆ?

ತಮಟೆಸದ್ದು:
ರಂಗಮಂದಿರ ಆಯಿತಾ ಮೇಷ್ಟ್ರೇ?

ಕವಿಮೇಷ್ಟ್ರು:
ಆಗಿಲ್ಲ. ಅದು ನಿರ್ಣಯದ ತಪ್ಪಲ್ಲ. ಮುಂದಿನ ಸಮ್ಮೇಳನದಲ್ಲೂ ಮಂಡಿಸಿದೆ. ಅದರ ಮುಂದಿನದರಲ್ಲೂ ಮಂಡಿಸಿದೆ. ಮೂರು ಸಲವೂ ಪಾಸಾಗಿದೆ.

ಹುಬ್ಬಳ್ಳಿಹೈದ:
ಗೋಕಾಕ್ ಬಗ್ಗೆ ಅರ್ಧ ಮಾತು ಹೇಳಬೇಡಿ. ವರದಿ ಬಂದದ್ದು 1981ರಲ್ಲಿ. ಧಾರವಾಡದಲ್ಲಿ ಸಾಹಿತಿಗಳು ಕೂತದ್ದು ನಿಜ, ನಮ್ಮಪ್ಪ ಆ ಚಪ್ಪರಕ್ಕೆ ನೀರು ಹೊತ್ತವರು. ಆದರೆ 1982ರಲ್ಲಿ ಅಣ್ಣಾವ್ರು ಬಂದಮೇಲೆ ತಾನೇ ಊರಿಗೆ ಊರೇ ರಸ್ತೆಗೆ ಬಂದದ್ದು? ಸರ್ಕಾರ ಬೆವರಿದ್ದು ಆಮೇಲೆ.

ಕವಿಮೇಷ್ಟ್ರು:
ಬೀಜ ಯಾರು ಬಿತ್ತಿದರು ಅನ್ನುವುದು ಮುಖ್ಯ.

ಹುಬ್ಬಳ್ಳಿಹೈದ:
ಬೀಜ ನಿಮ್ಮದು, ಒಪ್ಪಿದೆ. ಮಳೆ ಯಾರದು? ಚಳವಳಿಗೆ ಜನ ಬೇಕು. ಜನರಿಗೆ ಪ್ರೀತಿ ಇರುವ ಮುಖ ಬೇಕು. ಇದನ್ನು ಒಪ್ಪಿಕೊಂಡರೆ ಕವಿಗಳ ಗೌರವ ಕಡಿಮೆ ಆಗುವುದಿಲ್ಲ.

ಲೆಕ್ಕದಪುಸ್ತಕ:
ನಲವತ್ತು ವರ್ಷದ ಹಿಂದಿನ ಜಗಳ ಬಿಡಿ. ನಮ್ಮ ರಂಗಮಂದಿರ ಇನ್ನೂ ನಿಂತಿದೆ. ಹೇಗೆ ಅಂತ ಹೇಳುತ್ತೇನೆ.

ನಮ್ಮ ಮೊದಲ ಮನವಿ ನಾಲ್ಕು ಪುಟ ಇತ್ತು. ಹದಿನಾಲ್ಕು ಬೇಡಿಕೆ. ‘ಸಂಸ್ಕೃತಿಯ ತೊಟ್ಟಿಲು’ ಅಂತೆಲ್ಲ ಬರೆದಿದ್ದೆವು. ಮುಖ್ಯಾಧಿಕಾರಿ ಕೊನೆಯ ಪುಟದ ಸಹಿಗಳನ್ನು ಮಾತ್ರ ನೋಡಿದರು. ಆಮೇಲೆ ಒಂದೇ ಮಾತು ಹೇಳಿದರು, ‘ಮೇಡಂ, ಅದು ವರ್ಷವಿಡೀ ಖಾಲಿ ಬಿದ್ದಿರುತ್ತದೆ.’ ಹೊರಗೆ ಬಂದು ಎಲ್ಲರೂ ಬೈದೆವು. ನಿಜವಾ ಸುಳ್ಳಾ ಅಂತ ಯಾರಿಗೂ ಗೊತ್ತಿರಲಿಲ್ಲ.

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್. ಅದೂ ವಾಪಸ್ ಬಂತು. ಕರ್ನಾಟಕದಲ್ಲಿ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಯಲ್ಲಿ ಒಂದೇ ವಿಷಯ ಕೇಳಬೇಕು. ನಾನು ಐದು ವಿಷಯ ತುಂಬಿದ್ದೆ. ಮತ್ತೆ ಮೂರು ಅರ್ಜಿ ಬರೆದೆ. ಐದು ವರ್ಷದ ಬುಕಿಂಗ್ ರಿಜಿಸ್ಟರ್ ಒಂದರಲ್ಲಿ, ಅದೇ ಐದು ವರ್ಷದ ದುರಸ್ತಿ ಖರ್ಚು ಇನ್ನೊಂದರಲ್ಲಿ, ಕೆಡವುವ ಬಗ್ಗೆ ಆದ ಸಭೆಯ ನಡಾವಳಿ ಮೂರನೆಯದರಲ್ಲಿ. 30 ದಿನ ಕಳೆದರೂ ಉತ್ತರ ಇಲ್ಲ. ಮೇಲ್ಮನವಿ ಹಾಕಿದ ಮೇಲೆ ಕೊಟ್ಟರು. ಪುಟಕ್ಕೆ 2 ರೂಪಾಯಿ, 118 ಪುಟ, 236 ರೂಪಾಯಿ.

ಮನೆಯಲ್ಲಿ ಕೂತು ಎಣಿಸಿದೆವು. ಕೊನೆಯ ವರ್ಷ ಬುಕಿಂಗ್ ಆದದ್ದು 97 ದಿನ. ಖಾಲಿ ಅಂದದ್ದು ಸುಳ್ಳು. ಆದರೆ ಆ 97ರಲ್ಲಿ ನಾಟಕ ಎಷ್ಟು? ಒಂಬತ್ತು. ಉಳಿದದ್ದು ಶಾಲೆಗಳ ವಾರ್ಷಿಕೋತ್ಸವ, ಸಂಘಗಳ ಸಭೆ, ಸೀರೆ ಮಾರಾಟ ಮೇಳ. ದುರಸ್ತಿಗೆ ಐದು ವರ್ಷದಲ್ಲಿ ಖರ್ಚಾದದ್ದು ಸೊನ್ನೆ. ಆ ರಾತ್ರಿ ಯಾರೂ ಜಾಸ್ತಿ ಮಾತಾಡಲಿಲ್ಲ. ಒಂಬತ್ತು ದಿನ ಆಡಿದವರು ನಾವು ಅದನ್ನು ನಮ್ಮ ಮನೆ ಅಂತ ಹೇಳುತ್ತಿದ್ದೆವು.

ಆಮೇಲೆ ಎರಡು ಕೆಲಸ ಮಾಡಿದೆವು. ಪ್ರತಿ ತಿಂಗಳ ಎರಡನೇ ಶನಿವಾರ ನಾಟಕ. ನಾಟಕ ಸಿಗದಿದ್ದರೆ ಹಾಡು, ಅದೂ ಸಿಗದಿದ್ದರೆ ಕವಿತೆ ಓದು. ಬಾಗಿಲು ಮಾತ್ರ ತೆರೆಯಲೇಬೇಕು. ಎರಡನೆಯದು, ಮನವಿಯನ್ನು ಅರ್ಧ ಪುಟಕ್ಕೆ ಇಳಿಸಿದೆವು. ಬೇಡಿಕೆ ಒಂದೇ: ಕೆಡವಬೇಡಿ, ಸೂರು ದುರಸ್ತಿ ಮಾಡಿ. ರಂಗಕರ್ಮಿ ಪ್ರಸನ್ನ ಅವರು 2017ರಲ್ಲಿ ಕೈಯಲ್ಲಿ ಮಾಡಿದ ವಸ್ತುಗಳ ಮೇಲಿನ ಜಿಎಸ್‌ಟಿ ವಿರುದ್ಧ ಉಪವಾಸ ಕೂತರಲ್ಲ, ಆಗ ಯಾರು ಕೇಳಿದರೂ ಉತ್ತರ ಒಂದೇ ಇತ್ತು, ಶೂನ್ಯ ತೆರಿಗೆ. ಅದು ನನ್ನ ತಲೆಯಲ್ಲಿತ್ತು. ವಾರ್ಷಿಕೋತ್ಸವ ಮಾಡುವ ಶಾಲೆಗಳ ಹತ್ತಿರ ಹೋಗಿ ಅವರ ಲೆಟರ್‌ಹೆಡ್‌ನಲ್ಲೇ ಪತ್ರ ಬರೆಸಿದೆವು. ಹದಿನಾರು ಪತ್ರ. ಪುರಸಭೆಯ ಒಬ್ಬ ಸದಸ್ಯರ ಮೊಮ್ಮಗಳು ಅಲ್ಲಿ ನೃತ್ಯ ಮಾಡಿದ್ದಳು. ಅವರೇ ಸಭೆಯಲ್ಲಿ ನಮ್ಮ ಪರ ಎದ್ದು ನಿಂತರು.

ಕೆಡವಲಿಲ್ಲ. ಆದರೆ ದುರಸ್ತಿ ಮಾಡಿ ಬಾಡಿಗೆಯನ್ನು 1,500ರಿಂದ 6,000ಕ್ಕೆ ಏರಿಸಿದರು. ಠೇವಣಿ ಬೇರೆ 10,000. ಈಗ ನಮ್ಮ ಎರಡನೇ ಶನಿವಾರ ನಿಂತು ಏಳು ತಿಂಗಳಾಯಿತು. ಬಾಡಿಗೆ ಇಳಿಸಿ ಅಂತ ಮತ್ತೆ ಅರ್ಜಿ ಬರೆಯುತ್ತಿದ್ದೇನೆ.

ಕವಿಮೇಷ್ಟ್ರು:
ಕಲೆಯನ್ನು ದಿನ ಎಣಿಸಿ ಅಳೆಯುವುದು ಅಪಾಯ ತಾಯಿ. ವರ್ಷಕ್ಕೆ ಒಂದೇ ಒಂದು ಒಳ್ಳೆಯ ನಾಟಕ ಆದರೂ ರಂಗಮಂದಿರ ಇರಬೇಕು. ಗ್ರಂಥಾಲಯಕ್ಕೆ ಜನ ಬರಲಿಲ್ಲ ಅಂತ ಸುಡುತ್ತೇವಾ?

ಲೆಕ್ಕದಪುಸ್ತಕ:
ಆ ಮಾತನ್ನು ನಾನೂ ನಂಬುತ್ತೇನೆ. ಆದರೆ ಪುರಸಭೆಯಲ್ಲಿ ಆ ಮಾತು ಕೇಳಿ ತಲೆಯಾಡಿಸಿ ಚಹಾ ಕೊಟ್ಟು ಕಳಿಸುತ್ತಾರೆ. ನಾಲ್ಕು ಸಲ ಕುಡಿದಿದ್ದೇನೆ ಆ ಚಹಾ.

ಹಳೇಪರದೆ:
ಅಂದರೆ ನಾವು ರಿಜಿಸ್ಟರ್ ನೋಡಲಿಲ್ಲ, ಅದಕ್ಕೇ ಸೋತೆವು ಅಂತ ನಿಮ್ಮ ಮಾತಾ? ಜೆಸಿಬಿ ತಂದವರಿಗೆ ಯಾವ ರಿಜಿಸ್ಟರೂ ಬೇಕಿರಲಿಲ್ಲ. ಅಂಗಡಿ ಯಾರಿಗೆ ಸಿಗಬೇಕು ಅಂತ ಮೊದಲೇ ತೀರ್ಮಾನ ಆಗಿತ್ತು.

ಲೆಕ್ಕದಪುಸ್ತಕ:
ನಿಮ್ಮ ಊರಿನದು ನನಗೆ ಗೊತ್ತಿಲ್ಲ. ನಿಮ್ಮನ್ನು ಅನ್ನಲಿಲ್ಲ. 11 ದಿನ ಕೂತವರನ್ನು ನಾನು ಅನ್ನುವುದಿಲ್ಲ.

ಶಿಕಾಗೋಚಳಿ:
ನಾವು ಇಲ್ಲಿಂದ ನಮ್ಮೂರ ರಂಗಮಂದಿರಕ್ಕಾಗಿ ಆನ್‌ಲೈನ್ ಸಹಿ ಸಂಗ್ರಹ ಮಾಡಿದೆವು. 4,000 ಸಹಿ. ಅಲ್ಲಿನ ಅಧಿಕಾರಿ ‘ಇದರಲ್ಲಿ ನಮ್ಮ ವಾರ್ಡಿನವರು ಎಷ್ಟು ಜನ?’ ಅಂತ ಕೇಳಿದರಂತೆ. ಎಣಿಸಿದರೆ 22. ದುಡ್ಡು ಕಳಿಸಬಹುದು, ಸಹಿ ಊರಲ್ಲೇ ಹಾಕಿಸಿ.

ಗೆರೆಬಣ್ಣ:
ಶಂಕರ್ ನಾಗ್ ನೆನಪಿಗೆ ಕಟ್ಟಿದ ಬೆಂಗಳೂರಿನ ರಂಗಮಂದಿರ, ರಂಗಶಂಕರ, ನೋಡಿ. ಶಂಕರ್ ನಾಗ್ ಹೋದದ್ದು 1990. ಅವರ ಹೆಂಡತಿ ಅರುಂಧತಿ ನಾಗ್ ಬಾಗಿಲು ತೆರೆದದ್ದು 2004. ಹದಿನಾಲ್ಕು ವರ್ಷ. ತಾಳ್ಮೆ ಬೇಕು.

ತಮಟೆಸದ್ದು:
ಮತ್ತೆ ಬೆಂಗಳೂರು.

ಗೆರೆಬಣ್ಣ:
ಸರಿ, ಹೆಗ್ಗೋಡು ತೆಗೆದುಕೊಳ್ಳಿ. ನೀನಾಸಂ ನಾಟಕ ಸಂಸ್ಥೆ ಶುರುವಾದದ್ದು 1949ರಲ್ಲಿ, ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಅಲ್ಲಿ ಯಾವ ಪತ್ರಿಕೆ ಕಚೇರಿ ಇತ್ತು?

ಹಳೇಪರದೆ:
ಒಂದೊಂದು ಊರಿಗೂ ನೀನಾಸಂ ಕಟ್ಟಿದ ಕೆ.ವಿ. ಸುಬ್ಬಣ್ಣ ಅವರಂಥವರು ಒಬ್ಬೊಬ್ಬರು ಸಿಗುತ್ತಾರಾ?

ಊರಬಾಗಿಲು:
ಎಲ್ಲರ ಮಾತೂ ಓದಿದೆ. ಮಂಗಳವಾರಕ್ಕೆ ಏನು ಮಾಡಬೇಕು ಅಂತ ಯಾರೂ ನೇರವಾಗಿ ಹೇಳಲಿಲ್ಲ. ಅರ್ಜಿ ಹಾಕಿ 30 ದಿನ ಕಾಯಲು ನಮಗೆ ಸಮಯ ಇಲ್ಲ. ಅದಕ್ಕೆ ಇವತ್ತು ಬೆಳಿಗ್ಗೆ ರಂಗಮಂದಿರದ ಕಾವಲುಗಾರರ ಮನೆಗೇ ಹೋದೆ. ಅವರ ಹತ್ತಿರ ಸ್ವಂತ ನೋಟ್‌ಬುಕ್ ಇದೆ. ದೀಪ ಹಾಕಿದ ದಿನ, ಆರಿಸಿದ ಹೊತ್ತು, ಯಾವ ಕಾರ್ಯಕ್ರಮ, ಎಷ್ಟು ಕುರ್ಚಿ ಒರೆಸಿದ್ದು, ಎಲ್ಲ ಬರೆದಿಟ್ಟಿದ್ದಾರೆ. ಹಳೇ ಸೀರೆಯಲ್ಲಿ ಸುತ್ತಿದ ಏಳು ನೋಟ್‌ಬುಕ್. ಕಳೆದ ವರ್ಷ ನಾಟಕ 14. ಕಡಿಮೆಯೇ. ಆದರೆ ಮಕ್ಕಳ ಕಾರ್ಯಕ್ರಮ 38 ಇದೆ. ಶಾಲೆಗಳಿಗೆ ನಾಳೆ ಹೋಗುತ್ತೇವೆ. ಅರ್ಧ ಪುಟ ಬರೆಯಲು ಕೂತಿದ್ದೇವೆ. ನಮ್ಮ ಕವಿಗಳು ಇನ್ನೂ ಒಂದೂವರೆ ಪುಟದಲ್ಲಿದ್ದಾರೆ.

ಲೆಕ್ಕದಪುಸ್ತಕ:
ನೋಟ್‌ಬುಕ್ ಯಾರ ಕೈಗೂ ಕೊಡಬೇಡಿ. ಪ್ರತಿ ಪುಟದ ಫೋಟೋ ಇವತ್ತೇ ತೆಗೆಯಿರಿ. ಕಾವಲುಗಾರರ ಹೆಸರನ್ನು ಮನವಿಯಲ್ಲಿ ಹಾಕಬೇಡಿ, ಅವರ ಕೆಲಸಕ್ಕೆ ಕುತ್ತು ಬರುತ್ತದೆ. ಮನವಿ ಕೊಟ್ಟ ತಕ್ಷಣ ಟಪಾಲು ವಿಭಾಗದಲ್ಲಿ ಸೀಲು ಹಾಕಿಸಿ ಸ್ವೀಕೃತಿ ತೆಗೆದುಕೊಳ್ಳಿ. ಬಾಡಿಗೆ ಏರಿಸಬೇಡಿ ಅನ್ನುವ ಒಂದು ಸಾಲನ್ನೂ ಈಗಲೇ ಸೇರಿಸಿ. ನಾನು ಅದನ್ನು ಮರೆತಿದ್ದೆ.

ತಮಟೆಸದ್ದು:
ಸಭೆ ಎಷ್ಟು ಗಂಟೆಗೆ? ನಿಮ್ಮ ಜಿಲ್ಲೆ ಯಾವುದು ಹೇಳಿ. ಹತ್ತಿರ ಇದ್ದರೆ ನಾವು ಎಂಟು ಜನ ಬರುತ್ತೇವೆ. ಬಸ್ ಚಾರ್ಜು, ಊಟ, ತಲೆಗೆ ಎಷ್ಟು ಅಂತ ಮೊದಲೇ ಮಾತಾಡಿಕೊಳ್ಳೋಣ. ಹುಲ್ಲು ಎರಡು ಹೊರೆ ಬೇಕು. ಭಾಷಣ ನಾವು ಬಡಿದ ಮೇಲೆ.