ಈ ವಾರದ ಸಮಸ್ಯೆ: ಶ್ರಾವಣಕೆ ಮಡದಿಯೇ ತವರ ಸೇರಿದಳು

ಪೃಚ್ಛಕ:
ಗೆಳೆಯರೇ, ಹೊರಗೆ ಆಷಾಢದ ಗಾಳಿ ಬಾಗಿಲು ಬಡಿಯುತ್ತಿದೆ. ಸಮಸ್ಯೆಯೂ ಅದಕ್ಕೆ ಒಪ್ಪುವಂಥದ್ದೇ ಇರಲಿ. ಆಟ ಹಳೆಯದೇ: ಪೃಚ್ಛಕನಾದ ನಾನು ಪದ್ಯದ ಕೊನೆಯ ಸಾಲನ್ನು ಸಮಸ್ಯೆಯಾಗಿ ಕೊಡುತ್ತೇನೆ, ಮೊದಲ ಮೂರು ಸಾಲು ಬರೆದು ಅದಕ್ಕೆ ಅರ್ಥ ಕೂಡಿಸುವುದು ನಿಮ್ಮ ಪೂರಣ. ಚೌಪದಿ. ಐದೈದು ಮಾತ್ರೆಯ ಗಣ, ಎರಡನೇ ಮತ್ತು ನಾಲ್ಕನೇ ಸಾಲಿನ ಕೊನೆಗೆ ಮೂರು ಮಾತ್ರೆ. ಆದಿಪ್ರಾಸ, ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರ, 'ವ'; ಅದರ ಹಿಂದಿನ ಅಕ್ಷರ ದೀರ್ಘ. ಕೊನೆಯ ಸಾಲು ಇದು:

*ಶ್ರಾವಣಕೆ ಮಡದಿಯೇ ತವರ ಸೇರಿದಳು*

ತೊಡಕು ಗೊತ್ತಾಯ್ತಲ್ವಾ? ಹೊಸ ಸೊಸೆ ತವರಿಗೆ ಹೋಗುವುದು ಆಷಾಢದಲ್ಲಿ. ಶ್ರಾವಣಕ್ಕೆ ಗಂಡನ ಮನೆಗೆ ವಾಪಸ್ಸು ಬರಬೇಕು. ಇಲ್ಲಿ ಉಲ್ಟಾ ಆಗಿದೆ. ಇದನ್ನು ಬಿಡಿಸಿ.

ವಸ್ತುವನ್ನೂ ನಾನೇ ಕೊಡುತ್ತೇನೆ: 2011ರ ಜುಲೈ ಕೊನೆಯ ವಾರ. ಆಗ ಚಿಕ್ಕವರಾಗಿದ್ದವರಿಗೆ ಸ್ವಲ್ಪ ಹಿನ್ನೆಲೆ. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರು ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟಿದ್ದು ಜುಲೈ 27ಕ್ಕೆ. ಅಡಕಗಳೆಲ್ಲ ಸೇರಿ 25,228 ಪುಟ. ಮರುದಿನವೇ ದಿಲ್ಲಿಯಲ್ಲಿ ಬಿಜೆಪಿಯ ಸಂಸದೀಯ ಮಂಡಳಿ ಸೇರಿ, ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪ ಕುರ್ಚಿ ಬಿಡಬೇಕು ಎಂದಿತು. ಹೋಗುವುದೇನೋ ಖಾತ್ರಿಯಾಯಿತು, ಆದರೆ ಆಷಾಢ ಮುಗಿಯಲಿ ಎಂಬ ಮಾತು ಬಂತು. ಜುಲೈ 30ರ ಶನಿವಾರ ಅಮಾವಾಸ್ಯೆ. 31ರ ಭಾನುವಾರ, ಶ್ರಾವಣದ ಮೊದಲ ದಿನ, ರಾಜೀನಾಮೆ ರಾಜಭವನ ತಲುಪಿತು.

ಆ ನಾಲ್ಕು ದಿನ ಇಡೀ ನಾಡು ಪಂಚಾಂಗ ನೋಡಿಕೊಂಡು ನಕ್ಕಿತು. ನಮ್ಮ ಬೀದಿಯ ಹೋಟೆಲಿನಲ್ಲಿ ಒಂದು ಕೈಯಲ್ಲಿ ಇಡ್ಲಿ ತಟ್ಟೆ ಹಿಡಿದು ಟಿವಿ ನೋಡುತ್ತಿದ್ದವರೊಬ್ಬರು ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಮದುವೆಗೆ ಮುಹೂರ್ತ ನೋಡೋದು ಕಂಡಿದ್ದೆ, ಸೋಡಚೀಟಿಗೂ ನೋಡ್ತಾರಾ?" ಈ ಸಮಸ್ಯೆ ಹುಟ್ಟಿದ್ದು ಆ ಮಾತಿನಿಂದಲೇ.

ಒಂದು ಕರಾರು. ಜಾತಿ ತರಬೇಡಿ. ಮೈಕಟ್ಟು, ವಯಸ್ಸು, ಮನೆಯವರು ಬೇಡ. ಕಣ್ಣೀರೂ ಬೇಡ, ಅದರ ಮೇಲೆ ಜೋಕು ಈಗಾಗಲೇ ಜಾಸ್ತಿಯಾಗಿದೆ. ಕುರ್ಚಿ, ಪಂಚಾಂಗ, ವರದಿ, ದಿಲ್ಲಿ, ಇಷ್ಟರಲ್ಲೇ ಆಡಿ. ಸಾಲದು ಅನ್ನಿಸಿದರೆ ಅದು ನಿಮ್ಮ ಸಮಸ್ಯೆ.

ಮೈಸೂರಿನ ಮೇಷ್ಟ್ರು:
ಬೋಣಿ ನನ್ನದು. ಮಡದಿ ಎಂದರೆ ಕುರ್ಚಿ, ತವರು ಎಂದರೆ ದಿಲ್ಲಿ.

*ಕಾವಲಿದ್ದನು ಪತಿಯು ಆಷಾಢ ಕಳೆವನಕ*
*ನೋವಾಗಬಾರದೀ ಕುರ್ಚಿಗೆಂದೆನುತ*
*ಮಾವ ದಿಲ್ಲಿಯಲಿದ್ದು ಕಾಗದವ ಕಳಿಸಿರಲು*
*ಶ್ರಾವಣಕೆ ಮಡದಿಯೇ ತವರ ಸೇರಿದಳು*

ಪೃಚ್ಛಕ:
'ಮಾವ ದಿಲ್ಲಿಯಲಿದ್ದು' ಚೆನ್ನಾಗಿದೆ ಮೇಷ್ಟ್ರೇ. ಕುರ್ಚಿಯನ್ನು ಧಾರೆ ಎರೆದವರು ಮತದಾರರು, ವಾಪಸ್ಸು ಕರೆಸಿಕೊಂಡವರು ಹೈಕಮಾಂಡು. ಆ ತಕರಾರು ಸದ್ಯಕ್ಕೆ ಬಿಡೋಣ.

ಧಾರವಾಡದ ಅಕ್ಕ:
ಪೃಚ್ಛಕರೇ, ಸಮಸ್ಯೆಯೇ ಸಮಸ್ಯೆ ಅಲ್ಲವಲ್ಲ! ನಮ್ಮ ಕಡೆ ಹೆಣ್ಣುಮಕ್ಕಳು ತವರಿಗೆ ಬರುವುದೇ ಪಂಚಮಿಗೆ. ಪಂಚಮಿ ಶ್ರಾವಣದಲ್ಲೇ ಬರುತ್ತದೆ. ಅಣ್ಣ ಕರೆಯಲು ಬರುವುದನ್ನು ಹೊಸ್ತಿಲಲ್ಲಿ ನಿಂತು ಕಾಯುತ್ತೇವೆ. ಮೈಸೂರು ಕಡೆಯ ಪದ್ಧತಿಯನ್ನೇ ಇಡೀ ಕರ್ನಾಟಕದ್ದು ಅಂದುಕೊಂಡರೆ ಹೀಗಾಗುತ್ತದೆ ನೋಡ್ರಿ. ತಗೊಳ್ಳಿ:

*ನಾವು ಪಂಚಮಿಗೆ ಜೋಕಾಲಿ ಕಟ್ಟುವ ಮಂದಿ*
*ಹಾವಿಗೂ ಹಾಲೆರೆದು ಮಗಳ ಕರೆಸುವೆವು*
*ಯಾವ ಸೋಜಿಗವಿಲ್ಲಿ? ಅಣ್ಣ ಬಂದೊಯ್ದಿರಲು*
*ಶ್ರಾವಣಕೆ ಮಡದಿಯೇ ತವರ ಸೇರಿದಳು*

ಪೃಚ್ಛಕ:
ಅಕ್ಕ, ಸೋತೆ. ತೊಡಕನ್ನು ಬಿಡಿಸುವ ಬದಲು ತೊಡಕೇ ಇಲ್ಲ ಅಂದುಬಿಟ್ಟಿರಿ. ಇದೂ ಒಂದು ಪೂರಣವೇ. ಆದರೆ ರಾಜಕೀಯ ಎಲ್ಲಿ?

ಧಾರವಾಡದ ಅಕ್ಕ:
ಎರಡನೇ ಸಾಲಿನಲ್ಲಿ ಅಡಗಿದೆ. 2011ರ ಪಂಚಮಿ ಆಗಸ್ಟ್ 4ಕ್ಕೆ. ಡಿ. ವಿ. ಸದಾನಂದ ಗೌಡರು ಪ್ರಮಾಣವಚನ ತೆಗೆದುಕೊಂಡಿದ್ದೂ ಅದೇ ದಿನ. ಹಿಂದಿನ ದಿನ ಶಾಸಕರು ಗುಟ್ಟಾಗಿ ಮತ ಹಾಕಿ ಜಗದೀಶ ಶೆಟ್ಟರ್ ಬದಲು ಅವರನ್ನು ಆರಿಸಿದ್ದರು. ಶೆಟ್ಟರ್ ನಮ್ಮ ಹುಬ್ಬಳ್ಳಿಯವರು. ಆ ಪಂಚಮಿಗೆ ನಮ್ಮ ಕಡೆ ಉಂಡಿ ಕಟ್ಟಿದ್ದು ಹೌದು, ತಿಂದವರು ಸುಳ್ಯದ ಗೌಡರು. ಹಾವು ಯಾರು, ಹಾಲು ಎರೆದವರು ಯಾರು ಅಂತ ನಾನು ಹೇಳುವುದಿಲ್ಲ.

ಹೊಸಬ:
ನಮಸ್ಕಾರ. ಮೊದಲ ಸಲ ಬರೆಯುತ್ತಿದ್ದೇನೆ, ತಪ್ಪಿದ್ದರೆ ತಿದ್ದಿ. ಅದೇ ವರ್ಷ ಜೂನ್ 27ಕ್ಕೆ ಧರ್ಮಸ್ಥಳದಲ್ಲಿ ಆಣೆ ಪ್ರಮಾಣ ಅಂತ ದೊಡ್ಡ ಸುದ್ದಿಯಾಗಿತ್ತಲ್ಲ, ಅದನ್ನು ತಂದಿದ್ದೇನೆ. ಯಡಿಯೂರಪ್ಪನವರೂ ಕುಮಾರಸ್ವಾಮಿಯವರೂ ಹೋದರು, ಪೂಜೆ ಮಾಡಿಸಿದರು, ಎಲ್ಲರೆದುರು ಆಣೆ ಇಡದೇ ವಾಪಸ್ಸು ಬಂದರು.

*ದೇವರೆದುರಿಗೆ ನಿಂತು ಆಣೆಯಿಡದೇ ಬಂದ*
*ಮಂಜುನಾಥನ ಮುಂದೆ ಇಬ್ಬರೂ ಸುಮ್ನೆ*
*ಕೋವಿಯನ್ನೆತ್ತಿ ಗುರಿಯಿಡದವನ ನೋಡುತ್ತ*
*ಶ್ರಾವಣಕೆ ಮಡದಿಯೇ ತವರ ಸೇರಿದಳು*

ಮೈಸೂರಿನ ಮೇಷ್ಟ್ರು:
ಮಾತ್ರೆ ಎಲ್ಲಾ ಸರಿ ಇದೆ ಮಗು. ಎರಡನೇ ಸಾಲಿನಲ್ಲಿ ಪ್ರಾಸ ಜಾರಿದೆ. 'ದೇವ', 'ಕೋವಿ', 'ಶ್ರಾವ' ನಡುವೆ 'ಮಂಜು' ಬಂದು ಕೂತಿದ್ದಾನೆ. ಮಂಜುನಾಥನೇ ಆದರೂ ಪ್ರಾಸಸ್ಥಾನದಲ್ಲಿ ವಿನಾಯಿತಿ ಇಲ್ಲ. ಮೊದಲ ಸಾಲಿನಲ್ಲಿ 'ನಿಂತು ಆಣೆ' ವಿಸಂಧಿ, ಸಂಧಿ ಮಾಡದೆ ಹಾಗೇ ಬಿಟ್ಟಿದ್ದೀಯ. ಹಳಬರು ಸುಮ್ಮನಿರುತ್ತಿರಲಿಲ್ಲ.

ಹೊಸಬ:
ಸರ್, ನಿಮ್ಮ ಪದ್ಯದಲ್ಲೂ 'ಪತಿಯು ಆಷಾಢ' ಅಂತ ಇದೆಯಲ್ಲ?

ಧಾರವಾಡದ ಅಕ್ಕ:
ಅಯ್ಯ! ಹುಡುಗ ಹುಷಾರಿದ್ದಾನೆ.

ಮೈಸೂರಿನ ಮೇಷ್ಟ್ರು:
ಇದೆ. ಒಪ್ಪಿದೆ. ಆಣೆ ಇಡಲು ಬೇಕಾದರೂ ಬರುತ್ತೇನೆ.

ಪೃಚ್ಛಕ:
ಇಬ್ಬರದ್ದೂ ಮಾಫಿ. ಆಡುಮಾತಿಗೆ ಹತ್ತಿರದ ಪದ್ಯದಲ್ಲಿ ಅಷ್ಟು ಬಿಗಿ ಬೇಡ. ಹೊಸಬರ ಎರಡನೇ ಸಾಲನ್ನು ಹೀಗೆ ಮಾಡಿದರೆ ಹೇಗೆ:

*ನಾವಿಬ್ಬರೂ ಸುಮ್ನೆ ಕೈಮುಗಿದೆವೆಂದು*

'ಸುಮ್ನೆ' ಅನ್ನೋದನ್ನು ಮಾತ್ರ ಬಿಡಬಾರದು. ಪದ್ಯದ ಜೀವ ಇರುವುದೇ ಅದರಲ್ಲಿ. ಮೂರನೇ ಸಾಲಿಗೆ ನನ್ನದೊಂದು ಶಹಬ್ಬಾಸ್. ಕೋವಿ ಎತ್ತಿದವನನ್ನು ಬಿಟ್ಟು, ಎತ್ತಿ ಇಳಿಸಿದವನನ್ನು ನೋಡಿ ಹೆಂಡತಿ ಮನೆ ಬಿಡುತ್ತಾಳಲ್ಲ, ಭೇಷ್.

ಗಣಿ ಜಿಲ್ಲೆಯವ:
ನಾನು ಬಳ್ಳಾರಿ ಕಡೆಯವನು. ಕೆಂಪು ಧೂಳು ಕುಡಿದೇ ಬೆಳೆದದ್ದು. ರಸ್ತೆ ಪಕ್ಕ ಒಣಹಾಕಿದ ಬಿಳಿ ಪಂಚೆ ಸಂಜೆಗೆ ಕಾವಿಯಾಗುತ್ತಿತ್ತು, ಸನ್ಯಾಸ ತಾನಾಗಿಯೇ ಬರುತ್ತಿತ್ತು. ಎಲ್ಲರೂ ಪಂಚಾಂಗ ಹಿಡಿದು ಕೂತಿದ್ದೀರಿ, ವರದಿಯನ್ನೇ ಯಾರೂ ಮುಟ್ಟಿಲ್ಲ. 2006ರಿಂದ 2010ರವರೆಗೆ ರಾಜ್ಯಕ್ಕಾದ ನಷ್ಟ 16,085 ಕೋಟಿ ರೂಪಾಯಿ ಎಂದು ಅದರಲ್ಲಿದೆ. ಈ ಅಂಕಿ ನೋಡಿದಾಗೆಲ್ಲ ನನಗೆ ಒಬ್ಬನೇ ನೆನಪಾಗುತ್ತಾನೆ.

*ದೇವ ಕೃಷ್ಣಗೆ ಮಡದಿ ಹದಿನಾರು ಸಾವಿರವು*
*ಆ ವರಸೆ ಕೋಟಿಗಳು ಗಣಿಯ ಲೆಕ್ಕದಲಿ*
*ಯಾವ ಕುರ್ಚಿಯು ತಾಳಿಕೊಂಡೀತು ಸವತಿಯರ?*
*ಶ್ರಾವಣಕೆ ಮಡದಿಯೇ ತವರ ಸೇರಿದಳು*

ಅಜ್ಜಿಯ ಲೆಕ್ಕದಲ್ಲಿ ಕೃಷ್ಣನ ಹೆಂಡಿರು 16,008. ಭಾಗವತ ಹಿಡಿದರೆ 16,108. ಲೋಕಾಯುಕ್ತರ ಅಂಕಿ ಎರಡರ ನಡುವೆ ಬಂದು ಕೂತಿದೆ ನೋಡಿ.

ಪೃಚ್ಛಕ:
ಎದ್ದು ನಿಂತು ಚಪ್ಪಾಳೆ ಹೊಡೆದೆ. ಮನೆಯವರು ಒಳಗಿಂದ ಏನಾಯ್ತು ಅಂತ ಕೇಳಿದರು. 'ತಾಳಿಕೊಂಡೀತು' ಎಂಬಲ್ಲಿ ತಾಳಿ ಇಣುಕಿದ್ದು ಬೇಕೆಂದೇ ಮಾಡಿದ್ದೋ, ತಾನಾಗಿ ಬಂದದ್ದೋ?

ಗಣಿ ಜಿಲ್ಲೆಯವ:
ತಾನಾಗಿ ಬಂತು. ಈಗ ಬೇಕೆಂದೇ ಮಾಡಿದ್ದು ಅಂತ ಹೇಳಿಕೊಳ್ಳುತ್ತೇನೆ.

ವಕೀಲರು:
ರಸಭಂಗಕ್ಕೆ ಕ್ಷಮೆ ಇರಲಿ, ವೃತ್ತಿದೋಷ. ಆ 16,085 ಕೋಟಿ ರಾಜ್ಯಕ್ಕಾದ ನಷ್ಟದ ಒಟ್ಟು ಲೆಕ್ಕ. ಒಬ್ಬರ ಜೇಬಿನ ಲೆಕ್ಕ ಅಲ್ಲ. ಅಷ್ಟು ವರ್ಷಗಳಲ್ಲಿ ಒಂದಕ್ಕಿಂತ ಹೆಚ್ಚು ಸರ್ಕಾರ ಬಂದು ಹೋಗಿವೆ. ಯಡಿಯೂರಪ್ಪನವರ ಮೇಲೆ ನಡೆದದ್ದು ಅವರ ಕುಟುಂಬದ ಟ್ರಸ್ಟಿಗೆ ಬಂದ ದೇಣಿಗೆ ಮತ್ತು ಜಮೀನು ಮಾರಾಟದ ಕೇಸು. ಅದರಲ್ಲಿ 2016ರ ಅಕ್ಟೋಬರ್ 26ಕ್ಕೆ ಬೆಂಗಳೂರಿನ ಸಿಬಿಐ ವಿಶೇಷ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು. ಪದ್ಯ ಬರೆಯುವವರು ಇದನ್ನೂ ತಿಳಿದಿರಬೇಕು.

ಗಣಿ ಜಿಲ್ಲೆಯವ:
ಒಪ್ಪಿದೆ ಸರ್. ಅದಕ್ಕೇ 'ಗಣಿಯ ಲೆಕ್ಕದಲಿ' ಅಂದೆ, 'ಗಂಡನ ಲೆಕ್ಕದಲಿ' ಅನ್ನಲಿಲ್ಲ. ಮಾತ್ರೆ ಕೂರಿಸಬಹುದಿತ್ತು.

ವಕೀಲರು:
ಹಾಗಾದರೆ ನನ್ನ ಪೂರಣ. ಓಡಿಹೋದ ಹೆಂಡತಿಯನ್ನು ವಾಪಸ್ಸು ಕರೆಸಿ ಅಂತ ದಾವೆ ಹಾಕಲು ಕಾನೂನಿನಲ್ಲಿ ಜಾಗ ಇದೆ. ಕುರ್ಚಿಗೆ ಮಾತ್ರ ಆ ಕಲಂ ಇಲ್ಲ.

*ಸಾವಧಾನದಿ ಕೋರ್ಟು ನಿರ್ದೋಷಿಯೆಂದಿತ್ತು*
*ಆ ವೇಳೆಗಾಗಲೇ ವರುಷವೈದಾಗಿ*
*ಯಾವ ದಾವೆಯ ಹೂಡಲಿನ್ನು ಹೇಳೆನ್ನುವನು*
*ಶ್ರಾವಣಕೆ ಮಡದಿಯೇ ತವರ ಸೇರಿದಳು*

ಧಾರವಾಡದ ಅಕ್ಕ:
ವಕೀಲರ ಪದ್ಯದಲ್ಲೂ ಐದು ವರ್ಷ ವಾಯಿದೆ!

ಮೈಸೂರಿನ ಮೇಷ್ಟ್ರು:
ಇದರಲ್ಲಿ ನಗು ಒಳಗಿದೆ. ಅಣಕ ಯಾರ ಮೇಲೆ ಅಂತ ಎರಡು ಸಲ ಓದಿದೆ. ಮೊದಲ ಸಲ ಗಂಡನ ಮೇಲೆ ಅನ್ನಿಸಿತು, ಎರಡನೇ ಸಲ ಕೋರ್ಟಿನ ಮೇಲೆ. ಇನ್ನೊಂದು ಸಲ ಓದುವುದಿಲ್ಲ, ನನ್ನ ಮೇಲೆ ಬಂದೀತು.

ಪೃಚ್ಛಕ:
ನಡುವೆ ಒಂದು ಸೂಚನೆ. ಈಗಷ್ಟೇ ಒಂದು ಪದ್ಯವನ್ನು ತೆಗೆದುಹಾಕಿದ್ದೇನೆ. ಜಾತಿಯ ಹೆಸರಿನಲ್ಲಿ ಶ್ಲೇಷೆ ಮಾಡಿದ್ದರು. ಶ್ಲೇಷೆ ಚೆನ್ನಾಗೇ ಇತ್ತು, ಅದಕ್ಕೇ ಇನ್ನೂ ಬೇಜಾರಾಯಿತು. ಬರೆದವರಿಗೆ ಪ್ರತ್ಯೇಕವಾಗಿ ತಿಳಿಸಿದ್ದೇನೆ.

ಶಿವಮೊಗ್ಗದ ಗೆಳೆಯ:
ನಾನು ಶಿಕಾರಿಪುರದ ಕಡೆಯವನು. ನಮ್ಮೂರಲ್ಲಿ ಈ ಜೋಕುಗಳಿಗೆಲ್ಲ ನಗುತ್ತಿದ್ದರು, ಓಟು ಬೇರೆ ವಿಷಯ. ಛಂದಸ್ಸಿನವರು ನೀವು, ಒಂದು ವಿಷಯ ಗಮನಿಸಿದ್ದೀರಾ? 2007ರಲ್ಲಿ ಯಡಿಯೂರಪ್ಪನವರು ಅದೃಷ್ಟಕ್ಕೆ ಅಂತ ಇಂಗ್ಲಿಷಿನಲ್ಲಿ ಹೆಸರಿನ ಅಕ್ಷರ ಬದಲಿಸಿ, ಇನ್ನೊಂದು 'ಡಿ' ತಂದುಕೊಂಡರು. 2019ರಲ್ಲಿ ಮತ್ತೆ ಹಳೆಯದಕ್ಕೇ ಮರಳಿದರು. ಸುಮ್ನೆ ಪ್ರಸ್ತಾರ ಹಾಕಿ, ಅಂದರೆ ಒಂದು ಮಾತ್ರೆಯ ಲಘು, ಎರಡು ಮಾತ್ರೆಯ ಗುರು ಗುರುತಿಸಿ ನೋಡಿದೆ. ಯಡಿಯೂರಪ್ಪ: ಲಘು, ಲಘು, ಗುರು, ಗುರು, ಲಘು. ಒಟ್ಟು ಏಳು ಮಾತ್ರೆ. ಯಡ್ಡ್ಯೂರಪ್ಪ: ಗುರು, ಗುರು, ಗುರು, ಲಘು. ಅದೂ ಏಳೇ! 2007ರ ನವೆಂಬರ್ 12ಕ್ಕೆ ಮೊದಲ ಸಲ ಮುಖ್ಯಮಂತ್ರಿಯಾದರು, 19ಕ್ಕೆ ಇಳಿದರು. ಎಷ್ಟು ದಿನ ಆಯ್ತು?

ಮೈಸೂರಿನ ಮೇಷ್ಟ್ರು:
ಏಳು! ಇದನ್ನು ನಾಳೆ ತರಗತಿಯಲ್ಲಿ ಹೇಳುತ್ತೇನೆ. ಮಾತ್ರೆ ಎಣಿಸಲು ಹುಡುಗರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ.

ಶಿವಮೊಗ್ಗದ ಗೆಳೆಯ:
ಪೂರಣವೂ ಇದೆ. ರಾಜೀನಾಮೆಯ ಹಿಂದಿನ ದಿನ ಭೀಮನ ಅಮಾವಾಸ್ಯೆ ಅಂತ ಯಾರೂ ಹೇಳಲಿಲ್ಲವಲ್ಲ. ಹೆಂಡತಿ ಗಂಡನ ಪಾದಪೂಜೆ ಮಾಡುವ ದಿನ ಅದು.

*ಪಾವನದ ದಿನ ಭೀಮನಮವಾಸ್ಯೆ ಪೂಜೆಯಲಿ*
*ಹೂವಿಟ್ಟು ನಿನ್ನೆ ಕಾಲಿಗೆ ಬಿದ್ದಳವಳು*
*ಸಾವರಿಸಿ ಗಂಡ ಕಣ್ತೆರೆಯುವಾ ಹೊತ್ತಿನಲಿ*
*ಶ್ರಾವಣಕೆ ಮಡದಿಯೇ ತವರ ಸೇರಿದಳು*

ಪೃಚ್ಛಕ:
ಈ ವಾರ ನನ್ನ ಮನಸ್ಸು ಗಣಿ ಜಿಲ್ಲೆಯವರಿಗೂ ನಿಮಗೂ ನಡುವೆ ಜೋಕಾಲಿಯಾಡುತ್ತಿದೆ. ಅವರದ್ದು ಕಲ್ಪನೆ ದೊಡ್ಡದು. ನಿಮ್ಮದರಲ್ಲಿ ಪಂಚಾಂಗವೇ ಪದ್ಯ ಬರೆದುಕೊಟ್ಟಿದೆ, 'ನಿನ್ನೆ' ಎಂಬ ಒಂದು ಪದ ಇಡೀ ಕಥೆ ಹೇಳುತ್ತದೆ.

ಹೊಸಬ:
ಇನ್ನೊಂದು ಬರೆದೆ. ಆದರೆ ಕೊನೆಯ ಸಾಲು ಕೊಟ್ಟ ಹಾಗೆ ಉಳಿಯಲಿಲ್ಲ. 2012ರ ಡಿಸೆಂಬರಿನಲ್ಲಿ ಹಾವೇರಿಯಲ್ಲಿ ಯಡಿಯೂರಪ್ಪನವರದೇ ಪಕ್ಷ, ಕೆಜೆಪಿ, ತೆಂಗಿನಕಾಯಿ ಗುರುತು. ಆಮೇಲೆ ಮತ್ತೆ ತಾವರೆ, ಮತ್ತೆ ಮುಖ್ಯಮಂತ್ರಿ.

*ತಾವರೆಯ ತೊರೆದವನು ತೆಂಗನ್ನು ಹಿಡಿದಿದ್ದ*
*ಹಾವೇರಿ ಬಯಲಿನಲಿ ಬೇರೆ ಮನೆ ಕಟ್ಟಿ*
*ಬೇವು ಬೆಲ್ಲವನುಂಡು ಮರಳಿ ಬಂದನು ಮತ್ತೆ*
*ಶ್ರಾವಣಕೆ ಮುನ್ನವೇ ತವರ ಸೇರಿದಳು*

ಮೈಸೂರಿನ ಮೇಷ್ಟ್ರು:
ಸಮಸ್ಯೆಯ ಸಾಲನ್ನೇ ತಿದ್ದಿದರೆ ಪೂರಣ ಅಲ್ಲ ಮಗು. 'ಮಡದಿಯೇ' ಎಲ್ಲಿ ಹೋದಳು? ಸ್ಪರ್ಧೆಯಿಂದ ಹೊರಗೆ.

ಹೊಸಬ:
ಸರ್, ಸಾಲು ತಿದ್ದಿದ್ದು ನಾನಲ್ಲ. 2021ರಲ್ಲಿ ಅವರು ರಾಜೀನಾಮೆ ಕೊಟ್ಟಿದ್ದು ಜುಲೈ 26ಕ್ಕೆ. ಆ ವರ್ಷ ಶ್ರಾವಣ ಶುರುವಾಗಿದ್ದು ಆಗಸ್ಟಿನಲ್ಲಿ. ಹತ್ತು ವರ್ಷದ ಹಿಂದೆ ನಾಲ್ಕು ದಿನ ಕಾದವರು, ಈ ಸಲ ನಡು ಆಷಾಢದಲ್ಲೇ ಹೊರಟರು. ಬೊಮ್ಮಾಯಿಯವರ ಪ್ರಮಾಣವಚನವೂ ಆಷಾಢದಲ್ಲೇ, 28ಕ್ಕೆ.

ಧಾರವಾಡದ ಅಕ್ಕ:
ಮೇಷ್ಟ್ರೇ, ಈಗ ಏನಂತೀರಿ?

ಮೈಸೂರಿನ ಮೇಷ್ಟ್ರು:
ತಡೀರಿ. ಹಳೇ ಪಂಚಾಂಗ ಅಟ್ಟದ ಮೇಲಿದೆ. ಏಣಿ ತರಲು ಹೇಳಿದ್ದೇನೆ.