ಫೇಲಾದ ವಿಷಯಗಳು ಮುಂದಿನ ವರ್ಷಕ್ಕೆ ಅಡ್ಡವಾದಾಗ: ವಕೀಲರೊಂದಿಗೆ ಪ್ರಶ್ನೋತ್ತರ

ನಿರ್ವಾಹಕರು: ಬ್ಯಾಕ್‌ಲಾಗ್‌ನಿಂದಾಗಿ ಮುಂದಿನ ವರ್ಷಕ್ಕೆ ಪ್ರವೇಶ ಸಿಗದ ವಿದ್ಯಾರ್ಥಿಗಳ ಪ್ರಶ್ನೆಗಳಿಗೆ, ಹೈಕೋರ್ಟಿನಲ್ಲಿ ಶಿಕ್ಷಣ ಸಂಬಂಧಿ ಪ್ರಕರಣಗಳನ್ನು ನಡೆಸುವ ವಕೀಲರೊಬ್ಬರು ಇಂದು ಉತ್ತರಿಸಲಿದ್ದಾರೆ. ಯಾರೂ ಕಾಲೇಜಿನ ಹೆಸರು ಬರೆಯಬಾರದಾಗಿ ವಿನಂತಿ.

ಎಂಜಿನಿಯರಿಂಗ್ ವಿದ್ಯಾರ್ಥಿ, ತುಮಕೂರು: ನಮಸ್ಕಾರ ಮೇಡಂ. ಮೊದಲ ವರ್ಷದ ಗಣಿತ ಉಳಿದಿರುವುದರಿಂದ ನನ್ನನ್ನು ಮೂರನೆಯ ವರ್ಷಕ್ಕೆ ಸೇರಿಸಿಕೊಳ್ಳುತ್ತಿಲ್ಲ. ಒಂದು ವಿಷಯಕ್ಕಾಗಿ ಇಡೀ ವರ್ಷ ಕಳೆಯಬೇಕೆಂಬ ನಿಯಮವನ್ನು ಪ್ರಶ್ನಿಸಬಹುದೇ?

ವಕೀಲರು: ನಿಯಮವು ಎಲ್ಲರಿಗೂ ಒಂದೇ ರೀತಿ ಅನ್ವಯಿಸುತ್ತಿದ್ದರೆ ನ್ಯಾಯಾಲಯ ಸಾಮಾನ್ಯವಾಗಿ ಮಧ್ಯೆ ಪ್ರವೇಶಿಸುವುದಿಲ್ಲ. ನೀವು ಸೇರಿದ ವರ್ಷದ ಸ್ಕೀಮ್‌ನ (ಪಠ್ಯಕ್ರಮದ) ನಿಯಮಾವಳಿಯನ್ನೇ ನಿಮಗೆ ಅನ್ವಯಿಸಿದ್ದಾರೆಯೇ ಎಂಬುದನ್ನು ಮೊದಲು ನೋಡಿ. ಮೌಲ್ಯಮಾಪನದ ಬಗ್ಗೆ ಅನುಮಾನವಿದ್ದರೆ, ಮಾಹಿತಿ ಹಕ್ಕಿನಡಿ ಉತ್ತರ ಪತ್ರಿಕೆಯ ಪ್ರತಿ ಪಡೆಯುವ ಹಕ್ಕು ನಿಮಗಿದೆ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ಹೇಳಿದೆ. ಆದರೆ ಮಾಹಿತಿ ಹಕ್ಕಿನ ಅರ್ಜಿಗೆ ಉತ್ತರಿಸಲು 30 ದಿನಗಳ ಅವಕಾಶವಿದ್ದು, ಅಷ್ಟರೊಳಗೆ ಮರುಮೌಲ್ಯಮಾಪನದ ಗಡುವು ಮುಗಿದುಹೋಗಬಹುದು. ಆದ್ದರಿಂದ ವಿಶ್ವವಿದ್ಯಾಲಯದ ಛಾಯಾಪ್ರತಿ ಯೋಜನೆಗೂ ಇಂದೇ ಶುಲ್ಕ ಕಟ್ಟಿ.

ಬಿ.ಕಾಂ. ವಿದ್ಯಾರ್ಥಿ, ಹಾವೇರಿ: ನಮ್ಮ ವಿಶ್ವವಿದ್ಯಾಲಯದಲ್ಲಿ ಮರುಮೌಲ್ಯಮಾಪನಕ್ಕೆ ಅವಕಾಶವಿಲ್ಲದಿದ್ದರೆ ಕೋರ್ಟ್ ಮಾಡಿಸುವುದೇ?

ವಕೀಲರು: ನಿಯಮದಲ್ಲಿ ಇಲ್ಲದಿದ್ದರೆ ಅದು ಹಕ್ಕಲ್ಲ. 1984ರಿಂದಲೂ ಸುಪ್ರೀಂ ಕೋರ್ಟಿನ ನಿಲುವು ಇದೇ ಆಗಿದೆ.

ಒಬ್ಬ ತಾಯಿ, ದಾವಣಗೆರೆ: ಮೇಡಂ, ನನ್ನ ಮಗಳು ಎಂ.ಬಿ.ಬಿ.ಎಸ್. ಮೊದಲ ವರ್ಷದಲ್ಲಿ ಮೂರು ಸಲ ಫೇಲಾಗಿದ್ದಾಳೆ. ಮೌಖಿಕ ಪರೀಕ್ಷೆಯಲ್ಲಿ ಚೆನ್ನಾಗಿ ಉತ್ತರಿಸುತ್ತಾಳೆ, ಆದರೆ ಬರೆದು ಮುಗಿಸಲು ಸಮಯ ಸಾಲುತ್ತಿಲ್ಲ. ಕಳೆದ ತಿಂಗಳು ವೈದ್ಯರು ಅದನ್ನು ಕಲಿಕಾ ನ್ಯೂನತೆ ಎಂದು ಗುರುತಿಸಿದರು. ಅದು ಶೇಕಡಾ 40ಕ್ಕಿಂತ ಕಡಿಮೆ ಇರುವುದರಿಂದ ಹೆಚ್ಚುವರಿ ಸಮಯ ಕೊಡಲಾಗದು ಎಂದು ಕಾಲೇಜಿನವರು ಬಾಯಿಮಾತಿನಲ್ಲಿ ಹೇಳಿದ್ದಾರೆ.

ವಕೀಲರು: ತಾಯಿ, ಇಂದು ಬಂದ ಪ್ರಶ್ನೆಗಳಲ್ಲಿ ನನ್ನನ್ನು ನಿಜವಾಗಿ ಚಿಂತೆಗೀಡುಮಾಡಿದ್ದು ನಿಮ್ಮದು. ಮೊದಲ ವರ್ಷವನ್ನು ತೇರ್ಗಡೆಯಾಗಲು ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮ ಕೊಡುವುದು ನಾಲ್ಕೇ ಅವಕಾಶ, ಇಡೀ ಕೋರ್ಸ್‌ಗೆ 9 ವರ್ಷ. ಆದುದರಿಂದ ಮುಂದಿನ ಪರೀಕ್ಷೆಗೆ ಮೊದಲೇ ಈ ವಿಷಯ ಬಗೆಹರಿಯಲೇಬೇಕು.

ಕಾಲೇಜಿನವರು ಹೇಳಿದ ಕಾರಣ ಕಾನೂನಿನ ಮುಂದೆ ನಿಲ್ಲುವುದಿಲ್ಲ. ಶೇಕಡಾ 40ರ ಮಿತಿ ಮೀಸಲಾತಿಯಂತಹ ಸೌಲಭ್ಯಗಳಿಗೆ ಸಂಬಂಧಿಸಿದ್ದು. ಪರೀಕ್ಷೆಯಲ್ಲಿ ಲಿಪಿಕಾರರ (ಅಭ್ಯರ್ಥಿ ಹೇಳಿದ್ದನ್ನು ಬರೆದುಕೊಡುವವರ) ಸಹಾಯವನ್ನು ಆ ಮಿತಿಗೆ ಕಟ್ಟಿಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ ವಿಕಾಶ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಅದರ ಬೆನ್ನಲ್ಲೇ ಕೇಂದ್ರ ಸರ್ಕಾರವು 2022ರ ಆಗಸ್ಟ್‌ನಲ್ಲಿ, ಶೇಕಡಾ 40ಕ್ಕಿಂತ ಕಡಿಮೆ ನ್ಯೂನತೆಯಿದ್ದು ಬರೆಯಲು ಕಷ್ಟಪಡುವವರಿಗಾಗಿಯೇ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿತು. ಅದರ ಪ್ರಕಾರ ಗಂಟೆಗೆ 20 ನಿಮಿಷದ ಹೆಚ್ಚುವರಿ ಸಮಯ ದೊರೆಯುತ್ತದೆ. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮದ 17ನೆಯ ಕಲಮಿನಲ್ಲಿಯೂ ಹೆಚ್ಚುವರಿ ಸಮಯದ ಉಲ್ಲೇಖವಿದೆ.

ಮಾರ್ಗಸೂಚಿ ಕೇಳುವ ನಮೂನೆಯಲ್ಲಿಯೇ ಸರ್ಕಾರಿ ಆಸ್ಪತ್ರೆಯಿಂದ ಪ್ರಮಾಣಪತ್ರ ಪಡೆಯಿರಿ. ಅದನ್ನು ಲಗತ್ತಿಸಿ ಪ್ರಾಂಶುಪಾಲರಿಗೂ ವಿಶ್ವವಿದ್ಯಾಲಯದ ಕುಲಸಚಿವರಿಗೂ (ಮೌಲ್ಯಮಾಪನ) ಲಿಖಿತ ಅರ್ಜಿ ಕೊಟ್ಟು, ಲಿಖಿತ ಉತ್ತರವನ್ನೇ ಕೇಳಿ. ಬಾಯಿಮಾತಿನ ನಿರಾಕರಣೆಯನ್ನು ಹಿಡಿದು ಹೈಕೋರ್ಟಿಗೆ ಹೋಗುವುದು ಕಷ್ಟ. 2021ರ ನವೆಂಬರ್‌ನಲ್ಲಿ ತೀರ್ಮಾನವಾದ ನೀಟ್ ಪ್ರಕರಣದಲ್ಲಿ, ಬರವಣಿಗೆಯ ತೊಂದರೆಯಿದ್ದ ವಿದ್ಯಾರ್ಥಿನಿಗೆ ಹೆಚ್ಚುವರಿ ಸಮಯ ನಿರಾಕರಿಸಿದ್ದು ತಪ್ಪೆಂದು ಒಪ್ಪಿದ ಸುಪ್ರೀಂ ಕೋರ್ಟ್, ಮರುಪರೀಕ್ಷೆಗೆ ಮಾತ್ರ ಆದೇಶಿಸಲಿಲ್ಲ. ಪರೀಕ್ಷೆ ಮುಗಿದ ಮೇಲೆ ಪರಿಹಾರ ಎಷ್ಟು ಕಿರಿದಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ. ಹಿಂದಿನ ಮೂರೂ ಪರೀಕ್ಷೆಗಳ ಉತ್ತರ ಪತ್ರಿಕೆಗಳನ್ನೂ ತರಿಸಿ. ಬರೆಯದೇ ಉಳಿದ ಪುಟಗಳೇ ಅವಳ ಪರವಾದ ಸಾಕ್ಷ್ಯವಾಗಬಹುದು.

ಸದಸ್ಯರು, ಮೈಸೂರು: ಅಮ್ಮಾ, ಗಾಬರಿಯಾಗಬೇಡಿ, ಐದನೆಯ ಅವಕಾಶವನ್ನೂ ಕೊಡುತ್ತಾರೆ. ಎಲ್ಲರ ಗಮನಕ್ಕಾಗಿ ಈ ಸಂದೇಶ: “ಯಾವ ವಿದ್ಯಾರ್ಥಿಯನ್ನೂ ತಡೆಹಿಡಿಯಬಾರದೆಂದು ಸುಪ್ರೀಂ ಕೋರ್ಟ್ ಆದೇಶಿಸಿದೆ, ತಡೆದರೆ ಗ್ರಾಹಕ ನ್ಯಾಯಾಲಯದಲ್ಲಿ 5 ಲಕ್ಷ ಪರಿಹಾರ.”

ವಕೀಲರು: ದಯವಿಟ್ಟು ಇದನ್ನು ಅಳಿಸಿಹಾಕಿ. ಅಂತಹ ಆದೇಶವೇ ಇಲ್ಲ. ಪರೀಕ್ಷೆ ಬರೆಯುವ ವಿದ್ಯಾರ್ಥಿ ಗ್ರಾಹಕನಲ್ಲ ಎಂದು 2009ರಲ್ಲಿ ಬಿಹಾರ ಪರೀಕ್ಷಾ ಮಂಡಳಿಯ ಪ್ರಕರಣದಲ್ಲಿ ತೀರ್ಮಾನವಾಗಿದೆ. ಐದನೆಯ ಅವಕಾಶ ಕೋವಿಡ್ ಕಾಲದ ಬ್ಯಾಚ್‌ಗೆ ಕೊಟ್ಟ ವಿನಾಯಿತಿಯಾಗಿತ್ತು. ಇದನ್ನು ನಂಬಿ ಆ ಹುಡುಗಿ ನಾಲ್ಕನೆಯ ಪರೀಕ್ಷೆಯನ್ನು ಸಿದ್ಧತೆಯಿಲ್ಲದೆ ಬರೆದರೆ ಅದರ ಹೊಣೆಯನ್ನು ನೀವು ಹೊರುವಿರಾ?

ಸದಸ್ಯರು, ಮೈಸೂರು: ಬಂದದ್ದನ್ನು ಹಂಚಿಕೊಂಡೆ, ಅಷ್ಟೇ. ಇಷ್ಟು ಕಟುವಾಗಿ ಮಾತನಾಡುವ ಅಗತ್ಯವಿರಲಿಲ್ಲ.

ಬಿ.ಎಸ್ಸಿ. ವಿದ್ಯಾರ್ಥಿನಿ, ಕಲಬುರಗಿ: ಎರಡು ವಿಷಯ ಉಳಿದಿದ್ದರೂ ಮುಂದಿನ ವರ್ಷಕ್ಕೆ ಸೇರುವ ಹಕ್ಕಿದೆಯೇ?

ವಕೀಲರು: ತುಮಕೂರಿನವರಿಗೆ ಕೊಟ್ಟ ಉತ್ತರವನ್ನು ಓದಿ.

ಉಪನ್ಯಾಸಕರು, ಧಾರವಾಡ: ತಡೆಯುವ ನಿಯಮವಿಲ್ಲದಿದ್ದರೆ ಯಾರೂ ಓದುವುದಿಲ್ಲ. ಗಣಿತ ಬಾರದವನು ಕಟ್ಟುವ ಸೇತುವೆಯ ಮೇಲೆ ನಡೆಯುವವರು ನಾವೇ ಅಲ್ಲವೇ?

ಒಬ್ಬ ತಂದೆ, ಹಾಸನ: ವರ್ಷವಿಡೀ ಪಾಠ ಮಾಡಲು ಅತಿಥಿ ಉಪನ್ಯಾಸಕರೂ ಇಲ್ಲದ ಕಾಲೇಜುಗಳಿವೆ, ಸ್ವಾಮಿ. ಪಾಠ ನಡೆಯದಿದ್ದರೂ ಶಿಕ್ಷೆ ಮಕ್ಕಳಿಗೇಕೆ?

ಉಪನ್ಯಾಸಕರು, ಧಾರವಾಡ: ಹಾಜರಾತಿಯಿಲ್ಲದ ಮಕ್ಕಳ ಪೋಷಕರೇ ಹೀಗೆ ಮಾತನಾಡುವುದು.

ಒಬ್ಬ ತಂದೆ, ಹಾಸನ: ನನ್ನ ಮಗನ ಹಾಜರಾತಿ ನಿಮಗೆ ಹೇಗೆ ಗೊತ್ತು? ಮಾತಿಗೆ ಮಿತಿಯಿರಲಿ.

ಬಿ.ಬಿ.ಎ. ವಿದ್ಯಾರ್ಥಿ, ಶಿವಮೊಗ್ಗ: ಎರಡು ಅಂಕಕ್ಕೆ ಫೇಲಾಗಿದ್ದೇನೆ. ಗ್ರೇಸ್ ಅಂಕ ಕೇಳಬಹುದೇ?

ಡಿಪ್ಲೊಮಾ ವಿದ್ಯಾರ್ಥಿ, ಗದಗ: ಫೇಲಾಗಿ ಕಾಲೇಜು ಬಿಟ್ಟರೆ ಮೂಲ ಅಂಕಪಟ್ಟಿ ಕೊಡುವುದಿಲ್ಲ ಎನ್ನುತ್ತಿದ್ದಾರೆ, ಏನು ಮಾಡಲಿ?

ವಕೀಲರು: ಧಾರವಾಡ ಮತ್ತು ಹಾಸನದ ಸದಸ್ಯರು ಈ ಚರ್ಚೆಯನ್ನು ಬೇರೆಡೆ ನಡೆಸಿಕೊಳ್ಳಿ. ಆದರೂ ಹಾಸನದವರ ಮಾತಿನಲ್ಲಿ ಒಂದು ಕಾನೂನಿನ ಅಂಶವಿದೆ. ಪಾಠ ನಡೆಯಲಿಲ್ಲ ಎಂಬುದನ್ನು ಫಲಿತಾಂಶ ಬಂದ ಮೇಲಲ್ಲ, ಸೆಮಿಸ್ಟರ್ ನಡೆಯುತ್ತಿರುವಾಗಲೇ ವಿದ್ಯಾರ್ಥಿಗಳ ಕುಂದುಕೊರತೆ ಪರಿಹಾರ ಸಮಿತಿಗೆ ಲಿಖಿತವಾಗಿ ಕೊಡಬೇಕು. ಯು.ಜಿ.ಸಿ.ಯ 2023ರ ನಿಯಮಾವಳಿಯ ಪ್ರಕಾರ ಸಮಿತಿ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಅದು ತೃಪ್ತಿ ತರದಿದ್ದರೆ 15 ದಿನಗಳೊಳಗೆ ಓಂಬುಡ್ಸ್‌ಪರ್ಸನ್‌ಗೆ (ಇಂತಹ ದೂರುಗಳ ಮೇಲ್ಮನವಿ ಕೇಳುವ ಅಧಿಕಾರಿಗೆ) ಮೇಲ್ಮನವಿ ಸಲ್ಲಿಸಬಹುದು. ಅಂಕ ಕಡಿಮೆ ಬಂತು ಎಂದಷ್ಟೇ ದೂರು ಕೊಟ್ಟರೆ ಅವರು ಕೈಗೆತ್ತಿಕೊಳ್ಳುವುದಿಲ್ಲ. ನಿರ್ದಿಷ್ಟ ಅಕ್ರಮ ಅಥವಾ ತಾರತಮ್ಯವನ್ನು ತೋರಿಸಬೇಕು. ಗ್ರೇಸ್ ಅಂಕವೂ ನಿಯಮದಲ್ಲಿದ್ದರೆ ಮಾತ್ರ.

ಬಿ.ಎಸ್ಸಿ. ವಿದ್ಯಾರ್ಥಿನಿ, ಕಲಬುರಗಿ: ಓದಿದೆ ಮೇಡಂ, ಆದರೆ ನನ್ನದು ಎರಡು ವಿಷಯ, ಅವರದು ಒಂದು.

ವಕೀಲರು: ಎಷ್ಟು ವಿಷಯ ಉಳಿದಿದ್ದರೂ ಸೇರಬಹುದು ಎಂಬ ಸಂಖ್ಯೆಯನ್ನು ನಿಮ್ಮ ನಿಯಮಾವಳಿಯಲ್ಲಿ ನೋಡಿ. ಇದಕ್ಕೆ ಮತ್ತೆ ಉತ್ತರಿಸುವುದಿಲ್ಲ.

ಒಬ್ಬ ತಾಯಿ, ದಾವಣಗೆರೆ: ಕ್ಷಮಿಸಿ ಮೇಡಂ, ಇನ್ನೊಂದೇ ಪ್ರಶ್ನೆ. ಕಾಲೇಜಿನಲ್ಲಿ ಅರ್ಜಿಯನ್ನೇ ಸ್ವೀಕರಿಸದಿದ್ದರೆ?

ವಕೀಲರು: ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ ರಸೀದಿಯನ್ನು ಇಟ್ಟುಕೊಳ್ಳಿ, ಅದೇ ದಿನ ಇಮೇಲ್ ಕೂಡ ಮಾಡಿ. ಪರೀಕ್ಷೆಯ ಅರ್ಜಿ ತುಂಬುವ ಕೊನೆಯ ದಿನಕ್ಕೆ ಮೊದಲೇ ಉತ್ತರ ಬಾರದಿದ್ದರೆ, ಆ ರಸೀದಿಗಳನ್ನು ತೆಗೆದುಕೊಂಡು ಹತ್ತಿರದ ವಕೀಲರ ಮೂಲಕ ಧಾರವಾಡ ಪೀಠದಲ್ಲಿಯೋ ಬೆಂಗಳೂರಿನಲ್ಲಿಯೋ, ನಿಮ್ಮ ಪ್ರಕರಣಕ್ಕೆ ವ್ಯಾಪ್ತಿಯಿರುವ ಕಡೆ, ಸಂವಿಧಾನದ 226ನೆಯ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಿ. ಕೊನೆಯ ವಾರದವರೆಗೆ ಕಾಯಬೇಡಿ.